ನಗು ಇದೆ ಎಂದವಳು

ಆ ಟಾಕೀಸಿನ ಟಿಕೆಟ್ ಕಿಟಕಿ ಎಷ್ಟು ಚಿಕ್ಕದೆಂದರೆ, ಒಳಗೆ ಕೂತವಳ ಮುಖ ನೋಡಬೇಕಾದರೆ ಹೊರಗಿನವರು ಸೊಂಟ ಬಗ್ಗಿಸಲೇಬೇಕಿತ್ತು. ಹೀಗಾಗಿ ಊರಿನ ಎಂಥೆಂಥ ದೊಡ್ಡ ಮನುಷ್ಯರೂ ಅವಳ ಮುಂದೆ ತಲೆ ತಗ್ಗಿಸಿಯೇ ಮಾತಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಕಿಟಕಿ ಅಕ್ಕ. ಅವಳಿಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರಿಗೂ ಅಕ್ಕನೇ. ಗಂಡನ ಮನೆಯಲ್ಲಿ ಬಾಳಲಾಗದೆ ಒಂದು ಪೆಟ್ಟಿಗೆ ಹಿಡಿದು ತವರಿಗೆ ವಾಪಸು ಬಂದ ಮೇಲೆ ಆ ಕಿಟಕಿಯ ಹಿಂದೆ ಕೂತವಳು, ಅಲ್ಲಿಯೇ ತಲೆ ನರೆಸಿಕೊಂಡಳು.

ಕೆಲಸ ಕೊಡಿಸಿದವನು ಅವಳ ಅಪ್ಪ. ಟಾಕೀಸಿನ ಗೋಡೆಗೆ ಆನಿಕೊಂಡಂತೆ ಒಂದು ಗೂಡಂಗಡಿ ಇಟ್ಟುಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ಟಾಕೀಸಿನ ಯಜಮಾನನ ಕೈಗಡಿಯಾರವನ್ನು ಅವನಲ್ಲದೆ ಬೇರೆಯವರು ಮುಟ್ಟಿದ್ದಿಲ್ಲ. ಆ ಸಲಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿ, "ಮನೇಲಿ ಕೂತು ಗೋಡೆ ನೋಡ್ತಾಳೆ, ಇಲ್ಲಿ ಕೂತು ಜನರನ್ನ ನೋಡ್ಲಿ" ಎಂದಿದ್ದ.

ಜನರನ್ನು ಅವಳು ನೋಡಿದ್ದೇ ನೋಡಿದ್ದು. ಟಿಕೆಟ್ ಕೇಳುವ ಮೊದಲು ಎಲ್ಲರೂ ಕೇಳುತ್ತಿದ್ದ ಮಾತು ಒಂದೇ: "ಹೇಗಿದೆ ಅಕ್ಕ?" ಮೊದಮೊದಲು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಇಂಟರ್ವಲ್ ಆದ ಮೇಲೆ ಎಳೆದಿದ್ದಾರೆ, ಹೀಗೆ. ಕೇಳಿದವರು ಮುಖ ಸಪ್ಪೆ ಮಾಡಿಕೊಂಡು ನಿಲ್ಲುತ್ತಿದ್ದರು. ಬರಬರುತ್ತ ಅವಳಿಗೆ ಗುಟ್ಟು ತಿಳಿಯಿತು. ಸಿನಿಮಾ ಹೇಗಿದೆಯೆಂದು ಯಾರೂ ಕೇಳುತ್ತಿಲ್ಲ. ಮನೆಯಿಂದ ಹೊರಡುವಾಗಲೇ ತಲೆಯಲ್ಲಿ ಒಂದು ಸಿನಿಮಾ ಕಟ್ಟಿಕೊಂಡು ಬಂದಿದ್ದಾರೆ, ಅದು ಒಳಗೆ ಸಿಗುತ್ತದೋ ಇಲ್ಲವೋ ಅಷ್ಟೇ ಅವರಿಗೆ ಬೇಕು. ಗ್ಯಾರೇಜಿನ ಮೇಸ್ತ್ರಿಗೆ ಹೊಡೆದಾಟ ಬೇಕು. ಮೂಲೆಮನೆಯ ದರ್ಜಿಯ ಹೆಂಡತಿಗೆ ಅಳು ಬೇಕು, ಅವಳಂತೂ "ಒಂದು ಕರ್ಚೀಫು ಸಾಕಾ, ಎರಡು ಬೇಕಾ?" ಎಂದೇ ಕೇಳುವವಳು. ಹೊಸದಾಗಿ ಕೈ ಹಿಡಿದುಕೊಂಡು ಓಡಾಡುವ ಜೋಡಿಗಳಿಗೆ ಸಿನಿಮಾ ಕೆಟ್ಟದಾಗಿದ್ದಷ್ಟೂ ಒಳ್ಳೆಯದು, ಹಿಂದಿನ ಸಾಲು ಖಾಲಿ ಇರುತ್ತದೆ.

ಅವಳೂ ಪಳಗಿದಳು. ಒಂದೇ ಸಿನಿಮಾವನ್ನು ಮೇಸ್ತ್ರಿಗೆ ಹೊಡೆದಾಟದ್ದೆಂದೂ ದರ್ಜಿಯ ಹೆಂಡತಿಗೆ ಕಣ್ಣೀರಿನದೆಂದೂ ಹೇಳಿ ಒಳಗೆ ಕಳಿಸುತ್ತಿದ್ದಳು. ಇಬ್ಬರೂ ಹೊರಗೆ ಬಂದು "ನೀನು ಹೇಳಿದ ಹಾಗೇ ಇತ್ತು ಅಕ್ಕ" ಎನ್ನುತ್ತಿದ್ದರು. ಒಮ್ಮೆ ಪೋಸ್ಟರ್ ಅಂಟಿಸುವವನು ಕುಡಿದ ಅಮಲಿನಲ್ಲಿ ಒಂದು ಸಂಸಾರದ ಕಥೆಗೆ ಮುಂದಿನ ವಾರದ ದೆವ್ವದ ಸಿನಿಮಾದ ಪೋಸ್ಟರ್ ಮೆತ್ತಿಬಿಟ್ಟ. ಪರದೆಯ ಮೇಲೆ ಸೊಸೆ ಅಡುಗೆಮನೆಯ ಬಾಗಿಲು ತೆಗೆದಾಗಲೆಲ್ಲ ಜನ ಕಿಟಾರನೆ ಕಿರುಚಿದರು. ಅತ್ತೆ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟಾಗ ಒಬ್ಬಾಕೆ ಎದ್ದು ಓಡಿಯೇಬಿಟ್ಟಳು. "ದೆವ್ವ ಕೊನೇತನಕ ಬರ್ಲೇ ಇಲ್ಲ ಅಕ್ಕ. ಆದ್ರೂ ಈಗ ಬರುತ್ತೆ ಈಗ ಬರುತ್ತೆ ಅಂತ ಜೀವ ಬಾಯಿಗೆ ಬಂದಿತ್ತು" ಎಂದು ಮೇಸ್ತ್ರಿ ಹೊಗಳಿಯೇ ಹೋದ. ಅವಳು ಆ ದಿನವೆಲ್ಲ ನಕ್ಕಳು. ಯಜಮಾನನೂ ನಕ್ಕು, "ನನ್ನ ಪೋಸ್ಟರ್ರು, ನಿನ್ನ ನಾಲಿಗೆ, ಇವೆರಡಿದ್ರೆ ಒಳಗೆ ಖಾಲಿ ಪರದೆ ಬಿಟ್ರೂ ನಡೆಯುತ್ತೆ" ಎಂದ.

ಅಪ್ಪನಿಗೆ ಕೊನೆಕೊನೆಗೆ ಕಣ್ಣು ಮಂಜಾಗತೊಡಗಿತು. ಗಡಿಯಾರದವನಿಗೆ ಕಣ್ಣು ಹೋಗುತ್ತಿದೆಯೆಂದು ಊರಿಗೆ ಗೊತ್ತಾದರೆ ಅಂಗಡಿಗೆ ಯಾರು ಬರುತ್ತಾರೆ? ಅವನು ಮುಚ್ಚಿಟ್ಟ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆರಳ ತುದಿಯ ನೆನಪಿನಲ್ಲೇ ಸ್ಕ್ರೂ ತಿರುಗಿಸುತ್ತಿದ್ದ. ದಾರಿಯಲ್ಲಿ ಯಾರು ಎದುರಾದರೂ, ಗುರುತು ಸಿಕ್ಕದಿದ್ದರೂ, ಮೊದಲು ತಾನೇ ನಕ್ಕು "ಹೇಗಿದ್ದೀರಿ?" ಎನ್ನುತ್ತಿದ್ದ, ಎಷ್ಟೋ ಸಲ ವಿದ್ಯುತ್ ಕಂಬಕ್ಕೂ ಹೇಗಿದ್ದೀರಿ ಎಂದದ್ದುಂಟು. ಕೈ ತಪ್ಪಿ ಸ್ಕ್ರೂ ನೆಲಕ್ಕೆ ಬಿದ್ದರೆ ಮಂಡಿಯೂರಿ ತಡಕುತ್ತಿದ್ದ. ಮಧ್ಯಾಹ್ನದ ಆಟಕ್ಕೂ ಸಂಜೆಯ ಆಟಕ್ಕೂ ನಡುವೆ ಬಿಡುವಿನಲ್ಲಿ ಮಗಳು ಅಂಗಡಿಗೆ ಬಂದು ಕೂರುತ್ತಿದ್ದಳಲ್ಲ, ಅವಳು ಕಂಡೂ ಕಾಣದವಳಂತೆ ಆ ಸ್ಕ್ರೂವನ್ನು ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಅವನ ಬೆರಳುಗಳ ಹತ್ತಿರ ತಳ್ಳುತ್ತಿದ್ದಳು. ಸಿಕ್ಕಿತೆಂದು ಅಪ್ಪ ಗೆದ್ದವನ ಹಾಗೆ ಮೇಲೇಳುತ್ತಿದ್ದ. ಇದು ತನಗೊಬ್ಬಳಿಗೇ ಗೊತ್ತೆಂದು ಅವಳು ತಿಳಿದಿದ್ದಳು. ಅಪ್ಪ ಸತ್ತ ಮೇಲೆ ಅಮ್ಮನಿಗೂ ಹೇಳಿರಲಿಲ್ಲ.

ಆದರೆ ತಮ್ಮ ನೋಡಿದ್ದ.

ತಮ್ಮ ಅವಳಿಗಿಂತ ಬಹಳ ಚಿಕ್ಕವನು, ಅವಳ ಸೊಂಟದ ಮೇಲೆ ಬೆಳೆದವನು. ಟಾಕೀಸಿನ ಮಗ್ಗುಲಲ್ಲಿ ಹುಟ್ಟಿದವನಿಗೆ ಸಿನಿಮಾದ ಹುಚ್ಚು ಹಿಡಿಯದೆ ಇನ್ನೇನು ಹಿಡಿದೀತು? ಶೂಟಿಂಗ್ ತಂಡಗಳಲ್ಲಿ ಲೈಟು ಹೊತ್ತ, ನಿರ್ದೇಶಕರಿಗೆ ಕೊಡೆ ಹಿಡಿದ, ಬೈಸಿಕೊಂಡ. ಕೊನೆಗೆ ತನ್ನಂಥ ನಾಲ್ವರನ್ನು ಕಟ್ಟಿಕೊಂಡು ತನ್ನದೇ ಒಂದು ಸಿನಿಮಾ ಮಾಡಿದ. ಗಡಿಯಾರ ರಿಪೇರಿಯವನೊಬ್ಬ ತನ್ನ ಕುರುಡನ್ನು ಊರಿಂದ ಮುಚ್ಚಿಡುವ ಕಥೆ. ಸಿದ್ಧವಾದ ಮೇಲೆ ಎಷ್ಟು ಟಾಕೀಸು ಸುತ್ತಿದರೂ ಯಾರೂ ಮೂಸಲಿಲ್ಲ. ಕೊನೆಗೆ ಅಕ್ಕ, ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು, ಟಾಕೀಸಿನ ಯಜಮಾನನನ್ನು ಬೇಡಿಕೊಂಡಳು.

ಯಜಮಾನ ಬೆಳಗಿನ ಹೊತ್ತು ಟಾಕೀಸಿನ ಖಾಲಿ ಹಾಲಿನಲ್ಲಿ ಕೂತು ಸಿನಿಮಾ ನೋಡಿದ. ಅಕ್ಕನೂ ಅದೇ ಮೊದಲ ಸಲ ನೋಡಿದಳು. ಪರದೆಯ ಮೇಲೆ ಒಂದು ಹೆಣ್ಣಿನ ಕಾಲು, ಅದರ ಹೆಬ್ಬೆರಳು, ಅದು ಸ್ಕ್ರೂವನ್ನು ಸರಿಸುವುದು ಕಂಡಾಗ ಅವಳು ಪಕ್ಕದಲ್ಲಿದ್ದ ತಮ್ಮನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು.

ಆಟ ಮುಗಿದ ಮೇಲೆ ಯಜಮಾನ ತಮ್ಮನ ಕಡೆ ತಿರುಗಿದ. "ನಿಮ್ಮಪ್ಪ ಅಂದ್ರೆ ನನಗೂ ಜೀವಾನೇ ಕಣಯ್ಯ. ಆದ್ರೆ ಇದನ್ನ ನೋಡೋಕೆ ಯಾರು ಬರ್ತಾರೆ? ಒಂದು ವಾರ ಕೊಡ್ತೀನಿ. ಪೋಸ್ಟರ್ ಮಾತ್ರ ನಾನು ಹೇಳಿದ ಹಾಗೆ."

ಸಿನಿಮಾದಲ್ಲಿ ಒಬ್ಬ ಹೆಸರಾಂತ ಹಾಸ್ಯನಟ ಗಿರಾಕಿಯಾಗಿ ಬಂದು ಎರಡು ಮಾತಾಡಿ ಹೋಗುತ್ತಿದ್ದ. ತಮ್ಮನ ಮೇಲಿನ ಕನಿಕರಕ್ಕೆ ಬಿಟ್ಟಿಯಾಗಿ ಮಾಡಿಕೊಟ್ಟ ಪಾತ್ರ. ಯಜಮಾನ ಅವನ ಹಲ್ಲು ಕಿಸಿದ ಮುಖವನ್ನೇ ಪೋಸ್ಟರಿನ ತುಂಬ ಹಾಕಿಸಬೇಕೆಂದ. ಗಡಿಯಾರದವನು ಮೂಲೆಯಲ್ಲಿ ಇದ್ದರಾಯಿತು.

"ಆಗಲ್ಲ," ಎಂದ ತಮ್ಮ. "ಅದು ಮೋಸ."

ಅಕ್ಕ ಅವನನ್ನು ಹೊರಗೆ ಕರೆದುಕೊಂಡು ಹೋದಳು. "ಹಟ ಮಾಡಬೇಡ ಪುಟ್ಟಾ. ಒಳಗೆ ಬಂದ ಮೇಲೆ ಅವರು ನೋಡೋದು ನಿನ್ನ ಸಿನಿಮಾನೇ ತಾನೇ? ಬಾಗಿಲು ದಾಟಿಸೋದು ನನ್ನ ಕೆಲಸ. ಆಮೇಲಿನದು ನಿಂದು."

ಅವನು ಒಪ್ಪಿದ. ಅಕ್ಕ ಹೇಳಿದ್ದಕ್ಕೆ ಇಲ್ಲವೆಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಮೊದಲ ದಿನ ಪೋಸ್ಟರ್ ನೋಡಿ ಒಂದಷ್ಟು ಜನ ಕಿಟಕಿಯ ತನಕ ಬಂದರು. "ಹೇಗಿದೆ ಅಕ್ಕ? ಕಾಮಿಡಿನಾ?" ತಮ್ಮ ಮೆಟ್ಟಿಲ ಹತ್ತಿರವೇ ನಿಂತಿದ್ದ. ಅವನ ಕಿವಿಗೆ ಬೀಳುವ ಹಾಗೆ ಸುಳ್ಳಾಡಲು ಅವಳಿಗೆ ನಾಲಿಗೆ ಏಳಲಿಲ್ಲ. "ಒಬ್ಬ ಗಡಿಯಾರದವನ ಕಥೆ. ಕಣ್ಣು ಹೋಗ್ತಾ ಇರುತ್ತೆ ಪಾಪ. ನಿಧಾನ, ಆದ್ರೆ ಚೆನ್ನಾಗಿದೆ" ಎಂದಳು. ಜನ "ಹಾಗಾ" ಎಂದು ತಲೆ ಕೆರೆದುಕೊಂಡು ಎದುರು ರಸ್ತೆಯ ಟಾಕೀಸಿನ ಕಡೆ ದಾಟಿಹೋದರು. ಬೆರಳೆಣಿಕೆಯ ಮಂದಿ ಮಾತ್ರ ಒಳಗೆ ಹೋದರು. ಬೇಕರಿಯ ಮುದುಕ, ದರ್ಜಿಯ ಹೆಂಡತಿ, ಮತ್ತೆ ಕೆಲವರು. ಆಟ ಮುಗಿದಾಗ ಅವರು ಸದ್ದಿಲ್ಲದೆ ಹೊರಬಂದರು. ಬೇಕರಿಯ ಮುದುಕ ತಮ್ಮನ ಮುಂದೆ ನಿಂತು, ಅವನ ಕೆನ್ನೆ ತಟ್ಟಿ ಹೋದ.

ತಮ್ಮನ ಮುಖ ಬೆಳಗಿಹೋಗಿತ್ತು. "ನೋಡಿದ್ಯಾ ಅಕ್ಕ? ಇಷ್ಟೇ ಸಾಕು. ಇವರೇ ಸಾಕು ನನಗೆ."

ಅವಳಿಗೆ ಸಾಕಾಗಲಿಲ್ಲ. ಇಷ್ಟು ವರ್ಷ ಕಂಡಕಂಡವರ ಸಿನಿಮಾಕ್ಕೆ ಹಾಲು ತುಂಬಿಸಿದವಳು, ಸ್ವಂತ ತಮ್ಮನ ಸಿನಿಮಾಕ್ಕೆ ಖಾಲಿ ಕುರ್ಚಿ ನೋಡುತ್ತ ಕೂರಬೇಕೆ? ಯಜಮಾನ ಬೇರೆ ಕಿಟಕಿಗೆ ಬಂದು, "ಒಂದು ವಾರ ಅಂದಿದ್ದೆ ನಿಜ, ಆದ್ರೆ ನಾಳೆ ಸಂಜೆಗೂ ಹೀಗೇ ಆದ್ರೆ ತೆಗೀತೀನಮ್ಮ, ಬೇಜಾರಾಗಬೇಡ" ಎಂದು ಹೇಳಿ ಹೋಗಿದ್ದ. ಆ ಮಾತನ್ನು ತಮ್ಮನಿಗೆ ಹೇಳದೆ ನುಂಗಿಕೊಂಡಳು.

ಮಾರನೆಯ ಮಧ್ಯಾಹ್ನ ತಮ್ಮ ಬರುವುದು ತಡವಾಯಿತು. ಗ್ಯಾರೇಜಿನ ಮೇಸ್ತ್ರಿ ತನ್ನ ಪಟಾಲಂ ಕಟ್ಟಿಕೊಂಡು ಬಂದು ಕಿಟಕಿಗೆ ಬಗ್ಗಿದ. "ಏನಕ್ಕ, ನಗೋದಿದೆಯಾ?"

"ನಗೋದಾ?" ಎಂದಳು ಅವಳು. "ಹೊಟ್ಟೆ ಹಿಡ್ಕೊಂಡು ಹೊರಗೆ ಬರ್ತೀರ. ಗಡಿಯಾರದವನೊಬ್ಬ, ಕಣ್ಣು ಕಾಣಲ್ಲ, ಕಾಣೋ ಹಾಗೆ ನಾಟಕ ಆಡ್ತಾನೆ. ಕಂಬಕ್ಕೆಲ್ಲ ಹೇಗಿದ್ದೀರಿ ಅಂತಾನೆ!"

ಹೇಳುತ್ತ ತಾನೂ ಒಂದು ನಗೆ ನಕ್ಕಳು. ಮೇಸ್ತ್ರಿ ಬಿದ್ದುಬಿದ್ದು ನಕ್ಕ. ಹಿಂದಿದ್ದವರಿಗೆ ಅವನೇ ಹೇಳಿದ. ಅವರು ಅವರ ಹಿಂದಿನವರಿಗೆ. ಸಾಲು ರಸ್ತೆಯ ತನಕ ಬೆಳೆಯಿತು. ಎದುರಿನ ಟಾಕೀಸಿಗೆ ಹೊರಟವರೂ ಇತ್ತ ತಿರುಗಿದರು. ಹತ್ತು ಜನ ನಡೆದದ್ದೇ ದಾರಿ ತಾನೇ. ಅವಳು ಟಿಕೆಟ್ ಹರಿದು ಹರಿದು ಕೊಟ್ಟಳು. ಮನಸ್ಸು ಹೂವಿನಷ್ಟು ಹಗುರಾಗಿತ್ತು. ತಮ್ಮ ಬಂದಾಗ ಹಾಲು ತುಂಬಿ ಬಾಗಿಲು ಹಾಕಿತ್ತು. ಅವನು ಕಣ್ಣರಳಿಸಿ "ಅಕ್ಕಾ!" ಎಂದವನೇ ಒಳಗೆ ಓಡಿದ.

ಕಿಟಕಿಯ ಲೆಕ್ಕ ಮುಗಿಸಿ ಅವಳು ಹಾಲಿನ ಬಾಗಿಲಿಗೆ ಬಂದು, ದಪ್ಪ ಪರದೆ ಸರಿಸಿ ಹಿಂದೆ ನಿಂತಳು. ಹಾಲು ನಗುತ್ತಿತ್ತು. ಹಾಸ್ಯನಟ ಬಂದಿದ್ದಾನೇನೋ ಎಂದುಕೊಂಡಳು. ಬಂದಿರಲಿಲ್ಲ. ಗಡಿಯಾರದವನು ಬಟ್ಟಲಿನಲ್ಲಿದ್ದ ನೀರನ್ನು ಚಹಾ ಎಂದುಕೊಂಡು ಊದಿ ಊದಿ ಕುಡಿಯುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಅವನು ಕಂಬವನ್ನು ಮಾತಾಡಿಸಿದ. ಮೇಸ್ತ್ರಿಯ ಕಡೆಯಿಂದ ಶಿಳ್ಳೆ. ಡಾಕ್ಟರು ಇನ್ನು ಏನೂ ಮಾಡಲಾಗದೆಂದು ಹೇಳಿದಾಗ ಅವನು ಬಾಗಿಲೆಂದು ಬೀರು ತೆರೆದ. ಮೊನ್ನೆ ಖಾಲಿ ಹಾಲಿನಲ್ಲಿ ಯಜಮಾನನ ಗಂಟಲು ಕಟ್ಟಿಸಿದ ದೃಶ್ಯ ಅದು. ಈಗ ಕುರ್ಚಿಗಳು ಕಿರುಗುಟ್ಟುವಷ್ಟು ನಗು. ನಗಲು ಬಂದವರು, ಎಲ್ಲಿ ನಗಬೇಕೆಂದು ಹುಡುಕುತ್ತಿದ್ದರು, ಹುಡುಕಿದಲ್ಲೆಲ್ಲ ಸಿಗುತ್ತಿತ್ತು.

ಆಮೇಲೆ ಅವನು ಮಂಡಿಯೂರಿದ. ನೆಲ ತಡಕಿದ. ಹೆಣ್ಣಿನ ಕಾಲು ಬಂತು, ಹೆಬ್ಬೆರಳು ಸ್ಕ್ರೂವನ್ನು ಸರಿಸಿತು. "ಈ ಕಡೆ ತಾತಾ, ಈ ಕಡೆ!" ಎಂದು ಯಾರೋ ಕೂಗಿದರು. ಹಾಲಿಗೆ ಹಾಲೇ ಹೋ ಎಂದಿತು. ಅವಳ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮುದುರಿಕೊಂಡಿತು. ಅಪ್ಪನನ್ನು ನಡುಬೀದಿಯಲ್ಲಿ ಬೆತ್ತಲೆ ನಿಲ್ಲಿಸಿ ತಾನೇ ಊರನ್ನು ಕೂಗಿ ಕರೆದಂತೆ ಅನ್ನಿಸಿತು. ಕರೆದದ್ದೂ ಹೌದಲ್ಲ.

ಹಿಂದಿನ ಸಾಲಿನಿಂದ ತಮ್ಮ ಎದ್ದು ಬಂದ. ಬಾಗಿಲ ಪರದೆಯ ಹತ್ತಿರ ಅವಳನ್ನು ಕಂಡು ನಿಂತ.

"ಏನಂತ ಹೇಳಿ ಕಳಿಸಿದೆ ಇವರನ್ನ?"

ಅವಳು ಪರದೆಯ ಅಂಚು ಹಿಡಿದುಕೊಂಡಳು.

"ಅಕ್ಕ, ಏನು ಹೇಳಿದೆ?"

"ನಾಳೆ ತೆಗೆದುಬಿಡ್ತಿದ್ರು ಕಣೋ..."

"ತೆಗೀಲಿ ಅಂತ ಬಿಡಬೇಕಿತ್ತು," ಎಂದ. ಜೋರಾಗಿಯೇನೂ ಅಲ್ಲ. "ನಿನ್ನೆ ಅಷ್ಟು ಜನಾನಾದ್ರೂ ಅಪ್ಪನ್ನ ನೋಡಿದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಹೋಗುವುದೆಲ್ಲಿಗೆ? ಆ ಮಾತು ಊರೆಲ್ಲ ತಿರುಗಿತು. ಸಿನಿಮಾ ತೆಗೆಯುವುದಿರಲಿ, ವಾರ ವಾರ ಮುಂದುವರಿಯಿತು. ಬೇರೆ ಊರುಗಳ ಟಾಕೀಸಿನವರು ತಾವಾಗಿ ಕೇಳಿಕೊಂಡು ಬಂದರು. ಯಜಮಾನ ಹೊಸ ಪೋಸ್ಟರ್ ಮಾಡಿಸಿದ: ಗಡಿಯಾರದವನು ಕಂಬವನ್ನು ತಬ್ಬಿಕೊಂಡಿದ್ದ. ಬೀದಿಯಲ್ಲಿ ಮಕ್ಕಳು ಕಣ್ಣು ಮುಚ್ಚಿಕೊಂಡು ಕಂಬಗಳನ್ನು ಮಾತಾಡಿಸುವ ಆಟ ಹೂಡಿದರು. ಅಕ್ಕ ಕೆಲಸಕ್ಕೆ ಹೋಗುವ ದಾರಿ ಬದಲಿಸಿದಳು. ಆ ದಾರಿಯಲ್ಲೂ ಮಕ್ಕಳಿದ್ದರು, ಕಂಬಗಳೂ ಇದ್ದವು.

ದರ್ಜಿಯ ಹೆಂಡತಿ ಎರಡನೆಯ ಸಲ ಗಂಡನನ್ನು ಕರೆದುಕೊಂಡು ಬಂದಿದ್ದಳು. ಹೊರಗೆ ಬಂದು ಕಿಟಕಿಗೆ ಬಗ್ಗಿ, "ಅವತ್ತು ನಾನು ಅತ್ತಿದ್ದೆ ಅಕ್ಕ. ನನಗೇ ಅರ್ಥ ಆಗಿರ್ಲಿಲ್ಲ ಅನ್ಸುತ್ತೆ. ಇವತ್ತು ನೋಡು, ನಕ್ಕು ನಕ್ಕು ಸಾಕಾಯ್ತು" ಎಂದಳು. ಇಲ್ಲ, ನಿನಗೇ ಅರ್ಥವಾಗಿದ್ದದ್ದು ಎಂದು ಹೇಳಬೇಕೆಂದು ಅಕ್ಕನಿಗೆ ಅನ್ನಿಸಿತು. ಸಾಲು ಉದ್ದವಿತ್ತು. ಮುಂದಿನವರಿಗೆ ಟಿಕೆಟ್ ಹರಿದಳು.

ಅಮ್ಮ ಸಿನಿಮಾ ನೋಡಬೇಕೆಂದು ಮೊದಲಿನಿಂದಲೂ ಹೇಳುತ್ತಿದ್ದಳು. ಮಗಳು ಇವತ್ತು ನಾಳೆ ಎಂದು ಮುಂದೂಡುತ್ತ ಬಂದಳು. ಒಂದು ಮಧ್ಯಾಹ್ನ ಅಮ್ಮ ಪಕ್ಕದ ಮನೆಯಾಕೆಯ ಜೊತೆ ಹೊರಟು ಬಂದೇಬಿಟ್ಟಳು. ಕಿಟಕಿಗೆ ಬಗ್ಗಿದ ಮುಖ ಅಮ್ಮನದು. "ಎರಡು ಕೊಡಮ್ಮ" ಎಂದಳು, ಮಗಳ ಹತ್ತಿರ ಟಿಕೆಟ್ ತೆಗೆದುಕೊಳ್ಳುವ ಖುಷಿಯಲ್ಲಿ. ಬೇಡವೆಂದು ಯಾವ ಬಾಯಿಂದ ಹೇಳುವುದು?

ಆಟ ಬಿಟ್ಟಾಗ ಅವಳು ಕಿಟಕಿ ಮುಚ್ಚಿ ಓಡಿಹೋಗಿ ಅಮ್ಮನ ಕೈ ಹಿಡಿದಳು. ಅಲ್ಲಿಂದ ಮನೆಗೆ ಕರೆದುಕೊಂಡು ಹೋದಳು. ಮನೆಯ ಬೀಗ ತೆಗೆಯುವಾಗ ಅಮ್ಮ ಹೇಳಿದಳು: "ನಿಮ್ಮಪ್ಪಂಗೆ ಕಣ್ಣು ಅಷ್ಟು ಹೋಗಿತ್ತೇನೇ? ನನಗೆ ಗೊತ್ತೇ ಇರ್ಲಿಲ್ಲ."

"ಹೂಂ ಅಮ್ಮ."

"ಎಲ್ಲರೂ ನಗ್ತಿದ್ರು. ನಾನೂ ನಕ್ಕೆ. ನಾನೊಬ್ಬಳೇ ಹೇಗೆ ಅಳೋದು, ನಾಚಿಕೆ ಆಯ್ತು."

ಒಳಗೆ ಹೋಗಿ ಅಮ್ಮ ಅಡುಗೆಮನೆಯ ದೀಪ ಹಾಕಿದಳು. ಅವಳು ಅತ್ತಳೋ ಇಲ್ಲವೋ ಮಗಳು ನೋಡಲು ಹೋಗಲಿಲ್ಲ.

ತಮ್ಮ ಕೆಲಕಾಲ ಮನೆಗೆ ಬರಲಿಲ್ಲ. ಬಂದಾಗ ಒಂದು ಸುದ್ದಿ ತಂದಿದ್ದ: ದೊಡ್ಡ ನಿರ್ಮಾಪಕನೊಬ್ಬ ಕರೆಸಿ, "ನಿನ್ನಷ್ಟು ಸೊಗಸಾಗಿ ನಗಿಸೋರು ಈಗ ಯಾರಿದ್ದಾರಪ್ಪ?" ಎಂದು ಇನ್ನೊಂದು ಸಿನಿಮಾ ಒಪ್ಪಿಸಿದ್ದ. ಈ ಸಲ ಕಿವುಡ ಸಂಗೀತಗಾರ.

"ಒಪ್ಪಿಕೊಂಡ್ಯಾ?" ಎಂದಳು ಅಕ್ಕ.

"ಒಪ್ಪದೆ? ಜನಕ್ಕೆ ನನ್ನಿಂದ ಏನು ಬೇಕು ಅಂತ ನೀನೇ ತೋರಿಸಿಕೊಟ್ಟೆಯಲ್ಲ."

ಕಿವುಡ ಸಂಗೀತಗಾರ ಗೆದ್ದ. ಅವನ ಹಿಂದೆ ಮರೆವಿನ ಮಾವ, ತೊದಲುವ ವಕೀಲ ಬಂದರು, ಅವರೂ ಗೆದ್ದರು. ತಮ್ಮನ ಮುಖ ಪತ್ರಿಕೆಗಳಲ್ಲಿ ಬರತೊಡಗಿತು. ಅವನು ಎಲ್ಲಿಗೆ ಹೋದರೂ, ನಮಸ್ಕಾರ ಎಂದರೂ, ಜನ ನಗುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ಒಮ್ಮೆ, ಅವನು ತನ್ನದೇ ಹಟದಿಂದ, ಮಗುವನ್ನು ಕಳೆದುಕೊಂಡ ಒಬ್ಬ ಗಂಡ ಹೆಂಡತಿಯ ಕಥೆ ಮಾಡಿದ. ಅದು ಅಕ್ಕನ ಟಾಕೀಸಿಗೂ ಬಂತು. ಪೋಸ್ಟರಿನಲ್ಲಿ ಯಾರ ಹಲ್ಲೂ ಇರಲಿಲ್ಲ. ಕಪ್ಪು ಬಿಳುಪು, ಒಂದು ಖಾಲಿ ತೊಟ್ಟಿಲು.

ಜನ ಅವನ ಹೆಸರು ನೋಡಿ ಕಿಟಕಿಗೆ ಮುಗಿಬಿದ್ದರು. "ನಗೋದಿದೆಯಾ ಅಕ್ಕ?"

"ಇಲ್ಲ," ಎಂದಳು ಅವಳು. "ಮಗು ಸತ್ತುಹೋದ ಕಥೆ. ನಗೋಕೆ ಬಂದಿದ್ರೆ ದಯವಿಟ್ಟು ಹೋಗಬೇಡಿ."

ಮೇಸ್ತ್ರಿ ಈಗ ಮುದುಕನಾಗಿದ್ದ. ಕಿಟಕಿಯ ಕಟ್ಟೆ ಬಡಿದು ನಕ್ಕ. "ನೋಡ್ರೋ, ಅಕ್ಕ ಹೇಗೆ ಗಂಭೀರವಾಗಿ ಹೇಳ್ತಾಳೆ! ತಮ್ಮಂಗೆ ತಕ್ಕ ಅಕ್ಕ. ಕೊಡಮ್ಮ ಟಿಕೆಟ್ಟು."

"ನಿಜ ಹೇಳ್ತಿದ್ದೀನಿ. ತಮಾಷೆ ಅಲ್ಲ."

ಅವಳು ಹಾಗೆಂದಷ್ಟೂ ಅವರು ನಕ್ಕರು. ಒಳಗೆ ಹೋಗಿ ಕೂತು, ತೊಟ್ಟಿಲು ಕಂಡಾಗಲೂ ಒಂದಷ್ಟು ಹೊತ್ತು ನಗಲು ನೋಡಿದರು. ಆಗಲಿಲ್ಲ. ಇಂಟರ್ವಲ್ಲಿಗೆ ಎದ್ದು ಬಂದು ಯಜಮಾನನ ಕೋಣೆಯ ಬಾಗಿಲು ಗುದ್ದಿದರು. "ಮೋಸ! ಏನು ನಮ್ಮನ್ನ ಅಳಿಸೋಕೆ ಕರೆದ್ರಾ?" ಒಬ್ಬ ಕಿಟಕಿಯೊಳಗೆ ಹರಿದ ಟಿಕೆಟ್ಟುಗಳನ್ನು ತೂರಿದ. "ನೀನಾದ್ರೂ ಹೇಳಬಾರ್ದಿತ್ತಾ ಅಕ್ಕ?" ಎಂದ ಮೇಸ್ತ್ರಿ, ನಿಜಕ್ಕೂ ನೊಂದುಕೊಂಡು.

ಆ ಸಿನಿಮಾವನ್ನು ಯಜಮಾನ ಮಾರನೆಯ ದಿನವೇ ತೆಗೆದ. ಎಲ್ಲ ಕಡೆಯೂ ಹಾಗೇ ಆಯಿತು. ತಮ್ಮ ಮತ್ತೆ ಅಂಥ ಸಾಹಸಕ್ಕೆ ಕೈ ಹಾಕಲಿಲ್ಲ.

ಅದಾದ ಕೆಲವು ತಿಂಗಳಿಗೆ, ಒಂದು ರಜೆಯ ದಿನ, ಅವನು ಊಟಕ್ಕೆ ಮನೆಗೆ ಬಂದ. ತೂಕ ಹೆಚ್ಚಾಗಿತ್ತು, ಕಣ್ಣ ಕೆಳಗೆ ಕಪ್ಪಿತ್ತು. ಅಮ್ಮ ಎದುರು ಕೂತು, ಮಗ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು. ಅವನು ತನ್ನ ಕಾರು ಓಡಿಸುವವನ ಕಥೆ ಹೇಳಿದ, ನಕ್ಕಳು. ಮುಂದಿನ ಸಿನಿಮಾದ ಕುಂಟ ಪೊಲೀಸಿನವನ ನಡಿಗೆ ಕೂತಲ್ಲೇ ಮಾಡಿ ತೋರಿಸಿದ, ಕಣ್ಣೀರು ಬರುವಷ್ಟು ನಕ್ಕಳು. ಅಕ್ಕ ಅವನ ತಟ್ಟೆಗೆ ಇನ್ನಷ್ಟು ಬಡಿಸಲು ಬಗ್ಗಿದಾಗ ಅವನು ಅದೇ ದನಿಯಲ್ಲಿ, ತಟ್ಟೆ ನೋಡುತ್ತ ಹೇಳಿದ:

"ಗೊತ್ತಾ ಅಕ್ಕ, ಅವತ್ತು ನೀನು ಒಳಗೆ ಕಳಿಸಿದ್ಯಲ್ಲ ಆ ಜನಾನ, ಅವರು ಇನ್ನೂ ಹೊರಗೆ ಹೋಗೇ ಇಲ್ಲ. ನಾನು ಮಲಗಿದ್ರೂ ನಗ್ತಾ ಇರ್ತಾರೆ."

ಅಮ್ಮ ಘೊಳ್ಳೆಂದು ನಕ್ಕಳು. ಅಕ್ಕನೂ ನಕ್ಕಳು. ಅವನು ಹೇಳಿದ್ದೆಂದರೆ ನಗುವುದು, ಅಷ್ಟೇ. ಬಾಯಿ ತಾನಾಗಿ ನಕ್ಕಿತು. ನಕ್ಕ ಮೇಲೆ ಮಾತು ಕಿವಿಗೆ ಇಳಿಯಿತು. ಸೌಟು ಹಿಡಿದ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಆ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ಪುಟ್ಟಾ, ನಾನು..." ಎಂದಳು.

"ಪರವಾಗಿಲ್ಲ ಬಿಡು. ಸಾಕು, ಇನ್ನು ಹಾಕಬೇಡ" ಎಂದು ಅವನು ತಟ್ಟೆಗೆ ಕೈ ಅಡ್ಡ ಹಿಡಿದ. ಊಟ ಮುಗಿಸಿ ಕೈ ತೊಳೆದು ಅಮ್ಮನ ಹೆಗಲು ಒತ್ತಿ ಹೊರಟ. ಬಾಗಿಲಲ್ಲಿ ಅವನನ್ನು ಕಂಡ ಪಕ್ಕದ ಮನೆಯವರು ಆಗಲೇ ನಗಲು ಶುರು ಮಾಡಿದ್ದರು. ಅವನು ಅವರಿಗೊಂದು ಸಲಾಮು ಹೊಡೆದು ಕಾರು ಹತ್ತಿದ.